ತೀರಿಕೊಂಡ ಮೇಲೂ ಅಕೌಂಟಿಗೆ ಪೆನ್ಷನ್ ಬಂದ್ರೆ ವಾಪಸ್ ಎಷ್ಟು ಕಟ್ಬೇಕು, ಹೆಂಗೆ ಕಟ್ಬೇಕು

ನಮ್ಮ ಮಾವ ತೀರಿಕೊಂಡಿದ್ದು 2024ರ ಏಪ್ರಿಲ್ 12ಕ್ಕೆ. ಕೇಂದ್ರ ಸರ್ಕಾರದ ನೌಕರಿ ಮಾಡಿ ರಿಟೈರ್ ಆದೋರು, ಆಗ ಅವರಿಗೆ 77. ಹದಿಮೂರನೇ ದಿನದ ಕಾರ್ಯ ಎಲ್ಲ ಮುಗಿದು ನೆಂಟರು ಊರಿಗೆ ಹೋದ ಮೇಲೆ, ತಿಂಗಳ ಕೊನೆಗೆ ಅತ್ತೆ ಮೊಬೈಲಿಗೆ ಮೆಸೇಜು ಬಂತು, ಪೆನ್ಷನ್ ಜಮಾ ಆಗಿದೆ ಅಂತ. ಮೇ ತಿಂಗಳೂ ಬಂತು, ಜೂನೂ ಬಂತು. ಜಾಯಿಂಟ್ ಅಕೌಂಟ್ ಇತ್ತು, ಅತ್ತೆ ಹತ್ರ ಎಟಿಎಂ ಕಾರ್ಡೂ ಇತ್ತು, ಅಡಿಗೆಯೋರಿಗೆ, ಶಾಮಿಯಾನದೋರಿಗೆ ಕೊಡಬೇಕಾದ ಬಾಕಿನೂ ಇತ್ತು. ದುಡ್ಡು ತೆಗೆದು ಖರ್ಚು ಮಾಡಿದ್ವಿ. ಜುಲೈಲಿ ಡೆತ್ ಸರ್ಟಿಫಿಕೇಟ್ ತಗೊಂಡು ಬ್ಯಾಂಕಿಗೆ ಹೋದಾಗ ಕೌಂಟರಲ್ಲಿ ಇದ್ದೋರು ಅದನ್ನ ನೋಡಿ, ಕಂಪ್ಯೂಟರ್ ನೋಡಿ, "ಮೂರು ತಿಂಗಳು ಎಕ್ಸೆಸ್ ಹೋಗಿದೆಯಲ್ಲ ಸಾರ್" ಅಂದ್ರು. ಅದಾಗಿ ನಾಲ್ಕನೇ ದಿನಕ್ಕೆ ಅಕೌಂಟಿಂದ 93,600 ರೂಪಾಯಿ ಒಂದೇ ಏಟಿಗೆ ಡೆಬಿಟ್. ಉಳಿದಿದ್ದು ಸಾವಿರ ಚಿಲ್ಲರೆ. ಅತ್ತೆ ಬಿಪಿ, ಶುಗರ್ ಮಾತ್ರೆಗೆ ಆ ತಿಂಗಳು ನಾವೇ ಕೊಡಬೇಕಾಯ್ತು. ನಾವು ನಿಜವಾಗಿ ವಾಪಸ್ ಕೊಡಬೇಕಾಗಿದ್ದು 93,600 ಅಲ್ಲವೇ ಅಲ್ಲ, ಅದು ಆಮೇಲೆ ಗೊತ್ತಾಯ್ತು. ಆ ಲೆಕ್ಕ ಕೆಳಗೆ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ವಿಷಯದಲ್ಲಿ ಜನ ಕಳ್ಕೊಳ್ಳೋದೇ ಅಲ್ಲಿ.

ಶುರು ಮಾಡೋಕೆ ಮುಂಚೆ ಒಂದು ಮಾತು. "ಹೆಚ್ಚು ಬಂದ ಪೆನ್ಷನ್" ಅಂದ್ರೆ ಎರಡು ಬೇರೆ ಬೇರೆ ಸಂಗತಿ, ಬ್ಯಾಂಕಲ್ಲೂ ಎಷ್ಟೋ ಸಲ ಎರಡನ್ನೂ ಒಂದೇ ಅನ್ನೋ ಥರ ಮಾತಾಡ್ತಾರೆ. ಒಂದು, ಹಕ್ಕೇ ಮುಗಿದ ಮೇಲೆ ಬಂದಿದ್ದು: ಪೆನ್ಷನ್‌ದಾರರು ತೀರಿಕೊಂಡ ಮೇಲೆ ಬಂದಿದ್ದು, ಮಗನಿಗೆ 25 ತುಂಬಿದ ಮೇಲೆ ಬಂದಿದ್ದು, ಜಾಸ್ತಿ ದರದ ಫ್ಯಾಮಿಲಿ ಪೆನ್ಷನ್ (ಪೆನ್ಷನ್‌ದಾರರು ಹೋದ ಮೇಲೆ ಮನೆಯೋರಿಗೆ ಬರೋ ಪೆನ್ಷನ್) ಅವಧಿ ಮುಗಿದ ಮೇಲೂ ಅದೇ ದರದಲ್ಲಿ ಬಂದಿದ್ದು. ಎರಡನೇದು, ಮನುಷ್ಯ ಬದುಕಿದ್ದಾಗಲೇ ಆಫೀಸಿನೋರೋ ಬ್ಯಾಂಕಿನೋರೋ ತಪ್ಪು ಲೆಕ್ಕ ಹಾಕಿ ವರ್ಷಗಟ್ಟಲೆ ಜಾಸ್ತಿ ಕೊಟ್ಟಿದ್ದು. ಮೊದಲನೇದಕ್ಕೆ ವಾಪಸ್ ಕೊಡೋದು ಬಿಟ್ಟು ದಾರಿ ಇಲ್ಲ, ಅಲ್ಲಿ ಜಗಳ ಇರೋದು ಮೊತ್ತ ಎಷ್ಟು, ಕಂತು ಎಷ್ಟು ಅನ್ನೋದಕ್ಕೆ ಮಾತ್ರ. ಎರಡನೇದಕ್ಕೆ ಕೋರ್ಟು ಎಷ್ಟೋ ಸಲ ಪೆನ್ಷನ್‌ದಾರರ ಪರ ನಿಂತಿದೆ. ನಿಮ್ಮದು ಯಾವುದು ಅಂತ ಮೊದಲು ತಿಳ್ಕೊಳ್ಳಿ, ಇಲ್ಲಾಂದ್ರೆ ಕೊಡಲೇಬೇಕಾದ ದುಡ್ಡಿಗೆ ಗುದ್ದಾಡಿ, ಕೊಡಬೇಕಿಲ್ಲದ ದುಡ್ಡಿಗೆ ಸುಮ್ಮನೆ ಸೈನ್ ಹಾಕಿ ಬರ್ತೀರ.

ಮೊದಲ ಕೆಲಸ: ದುಡ್ಡು ಮುಟ್ಟಬೇಡಿ, ಬ್ಯಾಂಕಿಗೆ ತಿಳಿಸಿ

ಕೇಂದ್ರ ಸರ್ಕಾರದ ಪೆನ್ಷನ್ನು ಗಂಡ ಹೆಂಡತಿ ಜಾಯಿಂಟ್ ಅಕೌಂಟಿಗೆ ಬರೋದಾದ್ರೆ ಅದಕ್ಕೆ ಷರತ್ತು ಇದೆ, ಅಕೌಂಟ್ ಮಾಡ್ಸೋವಾಗ ಯಾರೂ ಓದಿರಲ್ಲ. ಪೆನ್ಷನ್‌ದಾರರು ತೀರಿಕೊಂಡ್ರೆ ಆದಷ್ಟು ಬೇಗ, ತಡ ಅಂದ್ರೂ ಒಂದು ತಿಂಗಳ ಒಳಗೆ ಬ್ಯಾಂಕಿಗೆ ಹೇಳಬೇಕು. ಆಮೇಲೂ ತಪ್ಪಿ ಜಮಾ ಆಗಿದ್ದನ್ನ ಆ ಜಾಯಿಂಟ್ ಅಕೌಂಟಿಂದ ಮಾತ್ರ ಅಲ್ಲ, ಗಂಡನ ಅಥವಾ ಹೆಂಡತಿಯ ಬೇರೆ ಯಾವ ಅಕೌಂಟಿಂದ ಬೇಕಾದ್ರೂ ಬ್ಯಾಂಕು ತಗೋಬಹುದು. ವಾರಸುದಾರರೂ ಜವಾಬ್ದಾರಿ. ಇದರ ಜೊತೆಗೆ ಪೆನ್ಷನ್ ಶುರು ಆಗೋವಾಗಲೇ "ಜಾಸ್ತಿ ಬಂದಿದ್ದನ್ನ ವಾಪಸ್ ಕೊಡ್ತೀನಿ" ಅಂತ ಮುಚ್ಚಳಿಕೆ ಬರೆಸಿಕೊಂಡಿರ್ತಾರೆ. ಹಂಗಾಗಿ "ನಮ್ಮನ್ನ ಕೇಳ್ದೆ ಹೆಂಗ್ರೀ ತಗೊಂಡ್ರಿ" ಅಂತ ಮ್ಯಾನೇಜರ್ ಮೇಲೆ ಕೂಗಾಡಿದ್ರೆ ಅವರು ಫೈಲಿಂದ ಆ ಹಾಳೆ ತೆಗೆದು ತೋರಿಸ್ತಾರೆ.

ಡೆತ್ ಸರ್ಟಿಫಿಕೇಟ್ ಕೈಗೆ ಬರಲಿ ಆಮೇಲೆ ಹೇಳೋಣ ಅಂತ ಕಾಯ್ಬೇಡಿ, ನಾವು ಮಾಡಿದ ತಪ್ಪು ಅದೇ. ಸಾವನ್ನ 21 ದಿನದೊಳಗೆ ನೋಂದಣಿ ಮಾಡಿಸಿದ್ರೆ ಲೇಟ್ ಫೀ ಇಲ್ಲ, ಸರ್ಟಿಫಿಕೇಟಿನ ಆರೇಳು ಪ್ರತಿ ಒಟ್ಟಿಗೇ ತಗೊಂಡುಬಿಡಿ, ಎಲ್ಲಿ ಹೋದ್ರೂ ಒಂದೊಂದು ಕೇಳ್ತಾರೆ. ಆದ್ರೆ ಬ್ಯಾಂಕಿಗೆ ಅದಕ್ಕೂ ಮುಂಚೇನೇ ಒಂದು ಹಾಳೆಲಿ ಬರೆದು ಕೊಡಿ: ಇಂಥವರು, ಈ ಪಿಪಿಓ (ಪೆನ್ಷನ್ ಕೊಡೋ ಆದೇಶ) ನಂಬರ್, ಈ ಅಕೌಂಟ್, ಈ ತಾರೀಖು ತೀರಿಕೊಂಡಿದ್ದಾರೆ, ಪೆನ್ಷನ್ ನಿಲ್ಲಿಸಿ, ಸರ್ಟಿಫಿಕೇಟ್ ಆಮೇಲೆ ಕೊಡ್ತೀವಿ ಅಂತ. ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು, ಸೈನು, ತಾರೀಖು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ನಮ್ಮ ಪಕ್ಕದ ಮನೆಯೋರು ಮೇ ತಿಂಗಳಲ್ಲೇ ಕೌಂಟರಲ್ಲಿ ಹೇಳಿ ಬಂದಿದ್ರು, ಅಕ್ಟೋಬರಲ್ಲಿ ಬ್ಯಾಂಕು "ನೀವು ತಿಳಿಸಲೇ ಇಲ್ಲ" ಅಂತು, ಅವರ ಹತ್ರ ತೋರ್ಸೋಕೆ ಏನೂ ಇರ್ಲಿಲ್ಲ.

ಇನ್ನೊಂದು ವಿಷಯ. ಈಗ ಪೆನ್ಷನ್ ಲೆಕ್ಕ ಬ್ರಾಂಚಲ್ಲಿ ಆಗಲ್ಲ, ಬ್ಯಾಂಕಿನ ಸಿಪಿಪಿಸಿ ಅಂತ ಒಂದು ಕಡೆ ಕೂತು ಎಲ್ಲರದ್ದೂ ಮಾಡ್ತಾರೆ. ಬ್ರಾಂಚು ಬರೀ ಪೋಸ್ಟ್ ಬಾಕ್ಸ್ ಇದ್ದಂಗೆ. ಪತ್ರ ಕೊಟ್ಟು ವಾರ ಬಿಟ್ಟು ಹೋಗಿ "ಸಿಪಿಪಿಸಿಗೆ ಕಳಿಸಿದ್ರಾ, ಯಾವತ್ತು ಕಳಿಸಿದ್ರಿ" ಅಂತ ಕೇಳಿ, ಮೇಲ್ ಮಾಡಿದ್ರೆ ಅದರ ತಾರೀಖು ಬರ್ಕೊಳ್ಳಿ.

ರಾಜ್ಯ ಸರ್ಕಾರದ ಪೆನ್ಷನ್ ಆದ್ರೆ ಬ್ಯಾಂಕಿನ ಜೊತೆಗೆ ಖಜಾನೆಗೂ ಒಂದು ಪ್ರತಿ ಕೊಟ್ಟುಬಿಡಿ. ಪಿಪಿಓ ಕೊಡೋರು ಮಹಾಲೇಖಪಾಲರ ಕಚೇರಿ, ದುಡ್ಡು ಕೊಡೋದು ಖಜಾನೆ ಕಡೆಯಿಂದ, ಹಂಗಾಗಿ ಬ್ಯಾಂಕೊಂದಕ್ಕೇ ಹೇಳಿ ಸುಮ್ಮನೆ ಕೂತರೆ ಯಾರೋ ಒಬ್ಬರು "ನಮಗೆ ಬಂದೇ ಇಲ್ಲ" ಅಂತಾರೆ.

ಯಾರೂ ಹೇಳದೇ ಇದ್ರೆ ಏನಾಗತ್ತೆ ಅಂತ ಕೇಳ್ತೀರೇನೋ. ನವೆಂಬರ್ ವರೆಗೂ ಬರ್ತಾನೇ ಇರತ್ತೆ. ನವೆಂಬರಲ್ಲಿ ಜೀವನ್ ಪ್ರಮಾಣ್, ಅಂದ್ರೆ ಬದುಕಿದೀನಿ ಅನ್ನೋ ಸರ್ಟಿಫಿಕೇಟ್, ಕೊಡ್ಬೇಕಲ್ಲ, 80 ದಾಟಿದೋರಿಗೆ ಅಕ್ಟೋಬರಿಂದಲೇ ತಗೋತಾರೆ, ಅದು ಬರದೇ ಹೋದ್ರೆ ಆಮೇಲಿನ ತಿಂಗಳಿಂದ ನಿಲ್ಲತ್ತೆ. ಅಷ್ಟೊತ್ತಿಗೆ ಎಷ್ಟೋ ತಿಂಗಳ ದುಡ್ಡು ಸೇರಿ ದೊಡ್ಡ ಮೊತ್ತ ಆಗಿರತ್ತೆ, ಹಕ್ಕಿಲ್ಲದೆ ಬಂದಿದ್ದೆಲ್ಲ ವಾಪಸ್ ಹೋಗ್ಬೇಕು. ಇನ್ನು ಸತ್ತವರ ಹೆಸರಲ್ಲಿ ಯಾರದೋ ಹೆಬ್ಬೆಟ್ಟು ಒತ್ತಿಸಿ ಮುಂದುವರೆಸೋ ಕಿಲಾಡಿಗಳೂ ಇದ್ದಾರೆ, ಅದು ವಸೂಲಿಯಲ್ಲಿ ಮುಗಿಯಲ್ಲ, ಕ್ರಿಮಿನಲ್ ಕೇಸು ಆಗತ್ತೆ.

ಎರಡನೇದು: ಲೆಕ್ಕ ನೀವೇ ಹಾಕಿ

ಪಾಸ್‌ಬುಕ್, ಪಿಪಿಓ, ಒಂದು ಹಾಳೆ, ಕ್ಯಾಲ್ಕುಲೇಟರ್. ಹಾಳೆಯ ಎಡಗಡೆ "ಬಂದಿದ್ದು", ಬಲಗಡೆ "ಬರಬೇಕಾಗಿದ್ದು". ಪೆನ್ಷನ್ ಸೆಕ್ಷನಲ್ಲಿ ಇದಕ್ಕೆ ಡ್ಯೂ ಡ್ರಾನ್ ಅಂತಾರೆ, ಆ ಪದ ನೀವು ಬಾಯಲ್ಲಿ ಹೇಳಿದ್ರೆ ಸಾಕು ಕೌಂಟರಲ್ಲಿ ಮಾತಾಡೋ ಧಾಟಿ ಸ್ವಲ್ಪ ಬದಲಾಗತ್ತೆ, ನಾನು ಕಂಡಿದೀನಿ.

ನಿಯಮ ಸಿಂಪಲ್ಲು. ತೀರಿಕೊಂಡ ದಿನಾನೂ ಸೇರಿ ಪೆನ್ಷನ್ ಬರತ್ತೆ. ಮಾರನೇ ದಿನದಿಂದ ಹೆಂಡತಿಗೆ ಅಥವಾ ಗಂಡನಿಗೆ ಫ್ಯಾಮಿಲಿ ಪೆನ್ಷನ್ ಶುರು. ಮಧ್ಯೆ ಒಂದು ದಿನಾನೂ ಖಾಲಿ ಇಲ್ಲ.

ನಮ್ಮ ಮಾವಂದೇ ತಗೊಳ್ಳಿ, ಅರ್ಥ ಆಗಲಿ ಅಂತ ಅಂಕಿ ಸ್ವಲ್ಪ ರೌಂಡ್ ಮಾಡಿದೀನಿ. ಬೇಸಿಕ್ ಪೆನ್ಷನ್ 24,000, ಆಗ ಡಿಎ (ತುಟ್ಟಿಭತ್ಯೆ) 50 ಪರ್ಸೆಂಟ್, ಅಂದ್ರೆ 12,000, ಒಟ್ಟು ತಿಂಗಳಿಗೆ 36,000. ಏಪ್ರಿಲ್, ಮೇ, ಜೂನ್ ಮೂರು ತಿಂಗಳು ಬಂದಿದ್ದು 1,08,000.

ಈಗ ಬಲಗಡೆ. ಏಪ್ರಿಲ್ 1ರಿಂದ 12ರ ವರೆಗೆ ಮಾವನ ಪೆನ್ಷನ್, 30 ದಿನದಲ್ಲಿ 12 ದಿನ, 14,400. ಇದು ಅವರ ಬಾಕಿ, ನಾಮಿನಿಗೆ ಸೇರಬೇಕಾದ ದುಡ್ಡು. 13ರಿಂದ ಅತ್ತೆಯ ಫ್ಯಾಮಿಲಿ ಪೆನ್ಷನ್. ಅದು ಕೊನೆ ಬೇಸಿಕ್ ಸಂಬಳದ 30 ಪರ್ಸೆಂಟ್, ಸಂಬಳ 48,000 ಅಂತ ಹಿಡಿದ್ರೆ 14,400, ಅದಕ್ಕೆ ಡಿಎ 7,200, ಒಟ್ಟು 21,600. ಏಪ್ರಿಲಲ್ಲಿ ಉಳಿದ 18 ದಿನಕ್ಕೆ 12,960. ಮೇ ಮತ್ತು ಜೂನಿಗೆ 43,200. ಅತ್ತೆಗೆ ಸೇರಬೇಕಾಗಿದ್ದು 56,160. ಎರಡೂ ಸೇರಿಸಿದ್ರೆ ನಮ್ಮ ಮನೆಗೆ ನ್ಯಾಯವಾಗಿ ಬರಬೇಕಾಗಿದ್ದು 70,560.

1,08,000ದಲ್ಲಿ 70,560 ಕಳೆದ್ರೆ 37,440. ವಾಪಸ್ ಕೊಡಬೇಕಾಗಿದ್ದು ಇಷ್ಟೇ!

ಬ್ಯಾಂಕು 93,600 ಯಾಕೆ ತಗೊಂಡ್ತು ಅಂದ್ರೆ, ಅವರ ಲೆಕ್ಕದಲ್ಲಿ ಮಾವನ ಪೆನ್ಷನ್ ವಸೂಲಿ ಬೇರೆ ಕೆಲಸ, ಅತ್ತೆಯ ಫ್ಯಾಮಿಲಿ ಪೆನ್ಷನ್ ಮಂಜೂರು ಬೇರೆ ಕೆಲಸ. ಮೊದಲ ಕೆಲಸ ನಾಲ್ಕು ದಿನಕ್ಕೆ ಆಯ್ತು. ಎರಡನೇ ಕೆಲಸಕ್ಕೆ ಎರಡೂವರೆ ತಿಂಗಳು ಹಿಡೀತು! ಕೊನೆಗೆ 56,160 ಅರಿಯರ್ಸ್ ಬಂತು ಅನ್ನಿ, ಮೋಸ ಏನೂ ಆಗಿಲ್ಲ, ಆದ್ರೆ ಆ ಎರಡೂವರೆ ತಿಂಗಳು 72 ವರ್ಷದ ಹೆಂಗಸು ಕೈಯಲ್ಲಿ ಕಾಸಿಲ್ಲದೆ ಮಕ್ಕಳ ಮುಖ ನೋಡ್ಕೊಂಡು ಕೂರಬೇಕಾಯ್ತು. ಅದಕ್ಕೇ ನಾನು ಹೇಳೋದು, ಸಾವಿನ ಸುದ್ದಿ ಕೊಡೋ ಪತ್ರ ಮತ್ತೆ ಫ್ಯಾಮಿಲಿ ಪೆನ್ಷನ್ ಅರ್ಜಿ ಎರಡನ್ನೂ ಒಂದೇ ದಿನ ಕೊಡಿ, ಮತ್ತೆ ಒಂದಕ್ಕೊಂದು ಹೊಂದಾಣಿಕೆ ಮಾಡಿ ಉಳಿದಿದ್ದನ್ನ ಮಾತ್ರ ತಗೊಳ್ಳಿ ಅಂತ ಬರವಣಿಗೆಯಲ್ಲೇ ಕೇಳಿ. ಕೇಳಿದ್ರೆ ಮಾಡೇ ಮಾಡ್ತಾರೆ ಅಂತ ಗ್ಯಾರಂಟಿ ಇಲ್ಲ, ಕೇಳದೇ ಇದ್ರೆ ಮಾಡಲ್ಲ ಅನ್ನೋದು ಮಾತ್ರ ಗ್ಯಾರಂಟಿ.

ಪಿಪಿಓದಲ್ಲಿ ಹೆಂಡತಿ ಹೆಸರು ಇದ್ದು, ಜಾಯಿಂಟ್ ಅಕೌಂಟೂ ಇದ್ರೆ ದೊಡ್ಡ ಫಾರ್ಮ್ ಏನೂ ಬೇಡ. ಅರ್ಜಿ ಪತ್ರ, ಡೆತ್ ಸರ್ಟಿಫಿಕೇಟ್, ಪಿಪಿಓ ಜೆರಾಕ್ಸ್, ಹುಟ್ಟಿದ ತಾರೀಖಿಗೆ ಒಂದು ದಾಖಲೆ, ಮತ್ತೆ ಅದೇ ಮುಚ್ಚಳಿಕೆ, ಈ ಸಲ ಅವರ ಹೆಸರಲ್ಲಿ. ಪ್ಯಾನು, ಆಧಾರು ಹೆಂಗೂ ಕೇಳ್ತಾರೆ. ಪಿಪಿಓದಲ್ಲಿ ಹೆಸರು ಒಂಥರಾ, ಆಧಾರಲ್ಲಿ ಇನ್ನೊಂಥರಾ ಇದ್ರೆ ಅಲ್ಲಿ ಸಿಕ್ಕಿ ಹಾಕ್ಕೋತೀರ. ಲಕ್ಷ್ಮಮ್ಮ, ಲಕ್ಷ್ಮೀದೇವಮ್ಮ ಆಗಿರೋದು ನಮ್ಮಲ್ಲಿ ಎಷ್ಟು ಮನೆಲಿ ಇಲ್ಲ ಹೇಳಿ. ಮನೆ ಯಜಮಾನರು ಇದ್ದಾಗಲೇ ಸರಿ ಮಾಡ್ಸಿಡಿ, ಆಗ ಅವರೊಂದು ಅರ್ಜಿ ಕೊಟ್ಟರೆ ಆಗೋ ಕೆಲಸ ಆಮೇಲೆ ಅಫಿಡವಿಟ್ಟು, ನೋಟರಿ ಅಂತ ಬೆಳೆಯತ್ತೆ.

ಪತ್ರ ಹೆಂಗೆ ಬರೀಬೇಕು

ನಾನು ಆಮೇಲೆ ಬೇರೆಯೋರಿಗೆಲ್ಲ ಬರ್ಕೊಟ್ಟಿದ್ದು ಇದೇ ಥರದ್ದು, ಬೇಕಾದ್ರೆ ಹಂಗೇ ಇಳಿಸ್ಕೊಳ್ಳಿ:

"ಶಾಖಾ ವ್ಯವಸ್ಥಾಪಕರಿಗೆ. ವಿಷಯ: ಪಿಂಚಣಿದಾರರ ಮರಣ, ಹೆಚ್ಚುವರಿ ಪಾವತಿಯ ಹೊಂದಾಣಿಕೆ ಮತ್ತು ಕುಟುಂಬ ಪಿಂಚಣಿ ಆರಂಭಿಸುವ ಕುರಿತು. ನನ್ನ ಪತಿ ಶ್ರೀ ... (ಪಿಪಿಓ ಸಂಖ್ಯೆ ..., ಖಾತೆ ಸಂಖ್ಯೆ ...) ದಿನಾಂಕ ... ರಂದು ನಿಧನರಾಗಿರುತ್ತಾರೆ. ಮರಣ ದಿನಾಂಕದ ನಂತರವೂ ಪಿಂಚಣಿ ಜಮಾ ಆಗಿದ್ದಲ್ಲಿ, ನನಗೆ ಸಲ್ಲಬೇಕಾದ ಕುಟುಂಬ ಪಿಂಚಣಿ ಹಾಗೂ ಮರಣದ ದಿನದವರೆಗಿನ ಬಾಕಿಯನ್ನು ಅದರಲ್ಲಿ ಹೊಂದಾಣಿಕೆ ಮಾಡಿ, ಉಳಿದ ಮೊತ್ತವನ್ನು ಮಾತ್ರ ವಸೂಲು ಮಾಡಬೇಕೆಂದು ಕೋರುತ್ತೇನೆ. ವಸೂಲಿಗೆ ಮೊದಲು ಲೆಕ್ಕದ ತಖ್ತೆಯನ್ನು ಲಿಖಿತವಾಗಿ ಒದಗಿಸಬೇಕು. ಮೊತ್ತವನ್ನು ಒಮ್ಮೆಗೇ ಭರಿಸಲು ನನಗೆ ಶಕ್ತಿಯಿಲ್ಲದ ಕಾರಣ ಮಾಸಿಕ ... ರೂ. ಕಂತುಗಳಲ್ಲಿ ಕಡಿತಗೊಳಿಸಲು ವಿನಂತಿ."

ಕಂತಿನ ಸಾಲು ಬೇಕಿದ್ರೆ ಹಾಕಿ, ದುಡ್ಡು ಇದ್ರೆ ಒಂದೇ ಸಲ ಕೊಟ್ಟು ಮುಗಿಸೋದು ಒಳ್ಳೇದು.

ಕಂತು ಎಷ್ಟು ಕೇಳಬಹುದು

ಹಿಂದೆ ರಿಸರ್ವ್ ಬ್ಯಾಂಕ್ ಹೇಳಿದ್ದ ಪದ್ಧತಿಲಿ, ಒಂದೇ ಸಲ ಕೊಡೋಕೆ ಆಗಲ್ಲ ಅಂದೋರಿಗೆ ತಿಂಗಳ ನಿವ್ವಳ ಪೆನ್ಷನ್ನಿನ ಮೂರರಲ್ಲಿ ಒಂದು ಭಾಗದಷ್ಟು ಹಿಡಿಯೋದು, ಅವರೇ ಒಪ್ಪಿ ಬರ್ಕೊಟ್ರೆ ಮಾತ್ರ ಜಾಸ್ತಿ ಹಿಡಿಯೋದು ಅಂತ ಇತ್ತು. ಆ ಸುತ್ತೋಲೆಗಳನ್ನ 2021ರ ಜನವರಿ 21ಕ್ಕೆ ರಿಸರ್ವ್ ಬ್ಯಾಂಕೇ ವಾಪಸ್ ತಗೊಂಡು, ವಸೂಲಿ ಹೆಂಗೆ ಮಾಡ್ಬೇಕು ಅನ್ನೋದನ್ನ ಪೆನ್ಷನ್ ಮಂಜೂರು ಮಾಡಿದ ಇಲಾಖೆ ಹತ್ರ ಕೇಳಿ ಅಂತ ಬ್ಯಾಂಕುಗಳಿಗೆ ಹೇಳ್ತು. ತಪ್ಪು ಬ್ಯಾಂಕಿಂದಾಗಿದ್ರೆ, ಪೆನ್ಷನ್‌ದಾರರಿಂದ ವಸೂಲಿ ಆಗೋ ತನಕ ಕಾಯದೆ ಮೊದಲು ಬ್ಯಾಂಕೇ ಸರ್ಕಾರಕ್ಕೆ ಕಟ್ಟಬೇಕು ಅಂತಾನೂ ಇದೆ. ಇದನ್ನ ಕೌಂಟರಲ್ಲಿ ಹೇಳಿ ನೋಡಿ. "ಇಲಾಖೆ ಏನು ಸೂಚನೆ ಕೊಟ್ಟಿದೆ, ಅದರ ಪ್ರತಿ ಕೊಡಿ" ಅಂತ ಕೇಳೋದು ನಿಮ್ಮ ಕೈಲಿರೋ ಒಳ್ಳೇ ಪ್ರಶ್ನೆ, ಎಷ್ಟೋ ಕಡೆ ಹಂಗೆ ಸೂಚನೆ ತಗೊಂಡೇ ಇರಲ್ಲ.

ಮೂರರಲ್ಲಿ ಒಂದು ಭಾಗ ಅನ್ನೋದು ಈಗ ನಿಯಮ ಅಲ್ಲದಿದ್ರೂ ಮಾತುಕತೆಗೆ ಒಳ್ಳೇ ಅಳತೆ. 21,600 ಬರೋರಿಗೆ 7,200 ಆಯ್ತು. ಅದೂ ಜಾಸ್ತಿ ಅನ್ಸಿದ್ರೆ ಔಷಧಿ ಖರ್ಚು, ಬಾಡಿಗೆ ಎಲ್ಲ ಬರೆದು ಕಮ್ಮಿ ಕೇಳಿ. ಹರಿಯಾಣದ ಜಗದೇವ್ ಸಿಂಗ್ ಕೇಸಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು, ಮುಚ್ಚಳಿಕೆ ಬರ್ಕೊಟ್ಟಿದ್ದೋರ ಹತ್ರ ವಸೂಲಿ ಮಾಡಬಹುದು ಅಂದಿದ್ರೂ, ಎರಡು ವರ್ಷದ ಅವಧಿಗೆ ಹಂಚಿ ಕಂತಲ್ಲೇ ಮಾಡಿ ಅಂತ ಹೇಳಿತ್ತು.

ದುಡ್ಡನ್ನ ಯಾರ ಕೈಗೂ ಕ್ಯಾಷ್ ಕೊಡಬೇಡಿ. ಅಕೌಂಟಿಂದ ಡೆಬಿಟ್ ಮಾಡಿ ಅಂತ ಪತ್ರ ಕೊಡಿ, ಪಾಸ್‌ಬುಕ್ಕಲ್ಲಿ ಎಂಟ್ರಿ ಬೀಳಲಿ. ಖಜಾನೆಗೆ ಕಟ್ಟೋದಾದ್ರೆ ಖಜಾನೆ-2 ಅನ್ನೋ ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆಲಿ ಚಲನ್ ಮಾಡಿ ಕಟ್ಬೇಕಾಗತ್ತೆ, ಯಾವ ಲೆಕ್ಕ ಶೀರ್ಷಿಕೆಗೆ ಅನ್ನೋದನ್ನ ಖಜಾನೆಯೋರ ಹತ್ರಾನೇ ಬರೆಸಿಕೊಂಡು ಬನ್ನಿ. ತಪ್ಪು ಶೀರ್ಷಿಕೆಗೆ ಹೋದ ದುಡ್ಡನ್ನ ಹುಡುಕಿ ಸರಿ ಮಾಡ್ಸೋದು ಇನ್ನೊಂದು ಅವಾಂತರ.

ಹಕ್ಕು ಮುಗಿಯೋದು ಸಾವಿಂದ ಮಾತ್ರ ಅಲ್ಲ

ಜನಕ್ಕೆ ದೊಡ್ಡ ಮೊತ್ತದ ಶಾಕ್ ಹೊಡೆಯೋದು ಇಲ್ಲಿ. ರಿಟೈರ್ ಆಗಿ ಸ್ವಲ್ಪ ವರ್ಷಕ್ಕೇ ತೀರಿಕೊಂಡ್ರೆ ಹೆಂಡತಿಗೆ ಮೊದಲು ಜಾಸ್ತಿ ದರದಲ್ಲಿ ಫ್ಯಾಮಿಲಿ ಪೆನ್ಷನ್ ಬರತ್ತೆ, ಕೇಂದ್ರದ ನಿಯಮದಲ್ಲಿ ಏಳು ವರ್ಷ, ಅಥವಾ ತೀರಿಕೊಂಡೋರು ಬದುಕಿದ್ದಿದ್ರೆ ಅವರಿಗೆ 67 ತುಂಬ್ತಿದ್ದ ದಿನ, ಯಾವುದು ಮೊದಲೋ ಅಲ್ಲಿವರೆಗೆ. ಆಮೇಲೆ 30 ಪರ್ಸೆಂಟಿಗೆ ಇಳೀಬೇಕು. ಇಳಿಸೋಕೆ ಬ್ಯಾಂಕು ಮರೆತ್ರೆ? 63ಕ್ಕೆ ತೀರಿಕೊಂಡೋರ ಹೆಂಡತಿಗೆ ನಾಲ್ಕು ವರ್ಷ ಮಾತ್ರ 24,000 ಬೇಸಿಕ್ಕು, ಆಮೇಲೆ 14,400. ತಿಂಗಳಿಗೆ 9,600 ವ್ಯತ್ಯಾಸ, 50 ಪರ್ಸೆಂಟ್ ಡಿಎ ಸೇರಿದ್ರೆ 14,400. ಹದಿನಾಲ್ಕು ತಿಂಗಳು ಯಾರೂ ನೋಡಿಲ್ಲ ಅಂದ್ರೆ 2,01,600! ಆ ಅಮ್ಮನಿಗೆ ಇದು ಗೊತ್ತಿರೋದಾದ್ರೂ ಹೆಂಗೆ, ಪ್ರತಿ ತಿಂಗಳು ಬರೋದು ಬರ್ತಿದೆ ಅಂತ ಇದ್ದಾರೆ. ಪಿಪಿಓ ತೆಗೆದು ನೋಡಿ, ಜಾಸ್ತಿ ದರ ಯಾವ ತಾರೀಖಿನ ವರೆಗೆ ಅಂತ ಅದರಲ್ಲೇ ಬರೆದಿರತ್ತೆ. ಮನೆಲಿ ಪಂಚಾಂಗದ ಕ್ಯಾಲೆಂಡರಿನ ಹಿಂದೆ ಆ ತಾರೀಖು ಬರೆದಿಡಿ, ಮಕ್ಕಳು ಮೊಬೈಲಲ್ಲಿ ರಿಮೈಂಡರ್ ಹಾಕ್ಕೊಳ್ಳಿ. ಆ ತಿಂಗಳು ಮೊತ್ತ ಇಳೀಲಿಲ್ಲ ಅಂದ್ರೆ ನೀವೇ ಹೋಗಿ ಹೇಳಿ, ಅವರಿಗೆ ಗೊತ್ತಾಗೋವಷ್ಟರಲ್ಲಿ ಬೆಳೆದಿರತ್ತೆ.

ಮಕ್ಕಳಿಗೆ ಬರೋದು ಸಾಮಾನ್ಯವಾಗಿ 25 ವರ್ಷ, ಮದುವೆ, ಅಥವಾ ಸಂಪಾದನೆ ಶುರು, ಯಾವುದು ಮೊದಲೋ ಅದರ ವರೆಗೆ. ಸಂಪಾದನೆ ಅಂದ್ರೆ ಕೇಂದ್ರದಲ್ಲಿ ತಿಂಗಳಿಗೆ 9,000 ಮತ್ತು ಅದರ ಮೇಲಿನ ಡಿಎ ದಾಟಿದ್ರೆ. ಮದುವೆ ಆಗದ, ಗಂಡ ಇಲ್ಲದ, ಡೈವೋರ್ಸ್ ಆದ ಹೆಣ್ಣುಮಕ್ಕಳಿಗೆ, ಅಂಗವೈಕಲ್ಯ ಇರೋ ಮಕ್ಕಳಿಗೆ ಷರತ್ತಿನ ಮೇಲೆ ಮುಂದೂ ಬರತ್ತೆ. ಕೆಲಸ ಸಿಕ್ಕಿದ ಖುಷಿಲಿ ಬ್ಯಾಂಕಿಗೆ ಹೇಳೋದು ಮರೆತು ಹೋಗತ್ತೆ, ಆಮೇಲೆ ಇನ್‌ಕಮ್ ಟ್ಯಾಕ್ಸ್ ದಾಖಲೆಲಿ ಸಂಬಳ ಕಂಡಾಗ ಸಿಕ್ಕಿಹಾಕ್ಕೋತಾರೆ.

ಸಂಧ್ಯಾ ಸುರಕ್ಷಾ, ವಿಧವಾ ವೇತನ ಇವೆಲ್ಲ ಬೇರೆ. ಇಲ್ಲಿ ಫ್ಯಾಮಿಲಿ ಪೆನ್ಷನ್ ಅಂತ ಇಲ್ಲ, ಹಂಗಾಗಿ ಹೊಂದಾಣಿಕೆ ಮಾಡ್ಕೊಳ್ಳೋಕೆ ಏನೂ ಇರಲ್ಲ, ತೀರಿಕೊಂಡ ಮೇಲೆ ಬಂದಿದ್ದು ಹಂಗೇ ವಾಪಸ್. ಗ್ರಾಮ ಆಡಳಿತ ಅಧಿಕಾರಿಗೆ ಅಥವಾ ನಾಡಕಚೇರಿಗೆ ಪತ್ರ ಕೊಡಿ, ದುಡ್ಡು ಅಕೌಂಟಲ್ಲೇ ಇರಲಿ. ಗೃಹಲಕ್ಷ್ಮಿ 2,000ನೂ ಅಷ್ಟೇ, ಅತ್ತೆ ಹೆಸರಲ್ಲಿ ಬರ್ತಿದ್ದು ಅವರು ಹೋದ ಮೇಲೆ ಸೊಸೆ ತಗೊಳ್ಳೋ ಹಂಗಿಲ್ಲ, ರೇಷನ್ ಕಾರ್ಡಲ್ಲಿ ಮನೆ ಯಜಮಾನಿ ಹೆಸರು ಬದಲಾಯಿಸಿ ಹೊಸದಾಗಿ ಅರ್ಜಿ ಹಾಕ್ಬೇಕು.

ತಂದೆ ತಾಯಿ ಇಬ್ಬರೂ ಇಲ್ಲ, ಮಕ್ಕಳ ಹತ್ರ ಕೇಳ್ತಿದಾರೆ ಅಂದ್ರೆ

ಇಲ್ಲಿ ಮತ್ತೆ ಅದೇ ಎರಡು ಭಾಗ. ಸತ್ತ ಮೇಲೆ ಬಂದಿದ್ದನ್ನ ನೀವು ಎಟಿಎಂಲಿ ತೆಗೆದಿದ್ರೆ ಅದು ನೀವೇ ಕೊಡ್ಬೇಕು, ತಪ್ಪಿ ಬಂದ ದುಡ್ಡು ಯಾರ ಕೈಗೆ ಸೇರ್ತೋ ಅವರು ವಾಪಸ್ ಕೊಡ್ಬೇಕು ಅಂತ ಕರಾರು ಕಾಯ್ದೆ 72ನೇ ಸೆಕ್ಷನಲ್ಲೇ ಇದೆ. ಆದ್ರೆ ಅಪ್ಪ ಬದುಕಿದ್ದಾಗ ಅವರಿಗೆ ಜಾಸ್ತಿ ಬಂದಿತ್ತು, ಅದನ್ನ ನೀವು ಕಟ್ಟಿ ಅಂದ್ರೆ, ಅವರಿಂದ ನಿಮಗೆ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ನೀವು ಜವಾಬ್ದಾರಿ. ನಿಮ್ಮ ಸ್ವಂತ ದುಡಿಮೆಯ ದುಡ್ಡಿಗೆ ಕೈ ಹಾಕೋ ಹಂಗಿಲ್ಲ. ಫೋನಲ್ಲಿ ಹೆದರಿಸಿದ್ರೆ "ಲಿಖಿತದಲ್ಲಿ ಕಳಿಸಿ" ಅಂತ ಹೇಳಿ ಇಟ್ಟುಬಿಡಿ. ಅಕೌಂಟು ಅಪ್ಪನ ಒಬ್ಬರ ಹೆಸರಲ್ಲೇ ಇದ್ರೆ ಬ್ಯಾಂಕು ಹೆಚ್ಚಿಗೆ ಬಂದಿದ್ದನ್ನ ಹಿಡ್ಕೊಂಡು ಉಳಿದಿದ್ದನ್ನ ನಾಮಿನಿಗೆ ಕೊಡತ್ತೆ, ದಾಖಲೆ ಪೂರ್ತಿ ಕೊಟ್ಟ ಮೇಲೆ 15 ದಿನದೊಳಗೆ ಕ್ಲೇಮು ಮುಗಿಸ್ಬೇಕು.

ಲೆಕ್ಕದ ತಪ್ಪಿಂದ ಬಂದಿದ್ದಾದ್ರೆ ಸುಮ್ಮನೆ ಒಪ್ಕೋಬೇಡಿ

2014ರ ಡಿಸೆಂಬರ್ 18ಕ್ಕೆ ಸುಪ್ರೀಂ ಕೋರ್ಟು ಪಂಜಾಬಿನ ರಫೀಕ್ ಮಸೀಹ್ ಕೇಸಲ್ಲಿ ಐದು ಸಂದರ್ಭ ಪಟ್ಟಿ ಮಾಡಿ, ಇಂಥ ಕಡೆ ವಸೂಲಿ ಕೂಡದು ಅಂದಿದೆ. ನಮಗೆ ಬೇಕಾಗೋದು ಇವು: ಸಿ ಮತ್ತು ಡಿ ದರ್ಜೆ ನೌಕರರಿಂದ, ರಿಟೈರ್ ಆದೋರಿಂದ ಅಥವಾ ವರ್ಷದೊಳಗೆ ಆಗೋರಿಂದ, ಐದು ವರ್ಷಕ್ಕಿಂತ ಜಾಸ್ತಿ ಕಾಲ ಕೊಟ್ಟುಕೊಂಡು ಬಂದಿದ್ರೆ, ವಸೂಲಿ ಮಾಡೋದು ತೀರಾ ಕ್ರೂರ ಅನ್ನೋ ಹಂಗಿದ್ರೆ. ಕೇಂದ್ರ ಸರ್ಕಾರ ಇದನ್ನ 2016ರ ಮಾರ್ಚ್ 2ರ ಆದೇಶದಲ್ಲಿ ಇಲಾಖೆಗಳಿಗೆ ಕಳಿಸಿದೆ, ಮನ್ನಾ ಮಾಡೋಕೆ ವೆಚ್ಚ ಇಲಾಖೆ ಒಪ್ಪಿಗೆ ಬೇಕು ಅಂತ. ಕೇರಳದ ಒಬ್ಬ ಮೇಷ್ಟ್ರ ಕೇಸಲ್ಲೂ 2022ರಲ್ಲಿ, ಅವರದ್ದೇನೂ ಮೋಸ ಇಲ್ಲ, ಇಲಾಖೆ ನಿಯಮನ ತಪ್ಪಾಗಿ ಅರ್ಥ ಮಾಡ್ಕೊಂಡಿದ್ದು, ವಸೂಲಿ ಬೇಡ ಅಂತ ತೀರ್ಪಾಗಿದೆ. ಆದ್ರೆ ಮುಚ್ಚಳಿಕೆ ಇದ್ದಾಗ ಮೇಲೆ ಹೇಳಿದ 2016ರ ತೀರ್ಪು ಎದುರಿಗೆ ಬರತ್ತೆ, ಹಂಗಾಗಿ ಎಲ್ಲರಿಗೂ ಮನ್ನಾ ಸಿಕ್ಕೇ ಸಿಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಮತ್ತೆ ನೋಡಿ, ಸತ್ತ ಮೇಲೆ ಬಂದ ದುಡ್ಡಿಗೆ ಈ ತೀರ್ಪು ಹಿಡ್ಕೊಂಡು ಹೋಗ್ಬೇಡಿ, ನಡೆಯಲ್ಲ. ವಾಟ್ಸಾಪಲ್ಲಿ "ಸುಪ್ರೀಂ ಕೋರ್ಟ್ ಹೇಳಿದೆ, ಒಂದು ರೂಪಾಯಿ ಕೊಡಬೇಡಿ" ಅಂತ ಓಡಾಡೋ ಮೆಸೇಜು ಓದಿ ಬ್ಯಾಂಕಲ್ಲಿ ಗಲಾಟೆ ಮಾಡಿ ಬಂದೋರನ್ನ ಕಂಡಿದೀನಿ.

ಕೇಳದೇ ಹೋದ್ರೆ ಎಲ್ಲಿಗೆ

ಬ್ರಾಂಚಿಗೆ, ಆಮೇಲೆ ಬ್ಯಾಂಕಿನ ನೋಡಲ್ ಅಧಿಕಾರಿಗೆ ಬರೆದು 30 ದಿನ ಕಾಯಿರಿ. ಉತ್ತರ ಬರ್ಲಿಲ್ಲ ಅಂದ್ರೆ ಅಥವಾ ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಉತ್ತರ ಬಂದ್ರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಲ್ಲೇ ದೂರು ಹಾಕಬಹುದು, ಫೀಸಿಲ್ಲ, ವಕೀಲರು ಬೇಡ. ಕೇಂದ್ರ ಪೆನ್ಷನ್ನಿಗೆ ಸಿಪೆನ್‌ಗ್ರಾಮ್ಸ್ ಅಂತ ಪೋರ್ಟಲ್ ಇದೆ, ನಮ್ಮದು ಹಂದಾಡಿದ್ದು ಅಲ್ಲಿ ಹಾಕಿದ ಮೇಲೇನೇ. ರಾಜ್ಯದ್ದಾದ್ರೆ ಖಜಾನೆ, ಮಹಾಲೇಖಪಾಲರ ಕಚೇರಿ, ಇಲ್ಲಾಂದ್ರೆ ಜನಸ್ಪಂದನ 1902. ಲೆಕ್ಕದ ತಖ್ತೆ ಕೊಡ್ತಾನೇ ಇಲ್ಲ ಅಂದ್ರೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ. ನ್ಯಾಯಮಂಡಳಿ, ಕೋರ್ಟು ಮೊತ್ತ ದೊಡ್ಡದಿದ್ರೆ ಮಾತ್ರ.

ಎಲ್ಲ ಕಟ್ಟಿ ಆದ ಮೇಲೆ ಮೂರು ಕೆಲಸ ಬಾಕಿ ಇರತ್ತೆ. ಅಕೌಂಟಿನ ಮೇಲೆ ಹೋಲ್ಡ್ ಹಾಕಿದ್ರೆ ತೆಗೆದಿದಾರಾ ನೋಡಿ. ವಸೂಲಿ ಪೂರ್ತಿ ಆಗಿದೆ ಅಂತ ಒಂದು ಪತ್ರಾನೂ ಕೇಳಿ ತಗೊಳ್ಳಿ. ಇನ್ನೊಂದು ಟ್ಯಾಕ್ಸ್: ಸತ್ತ ಮೇಲೆ ಬಂದ ಪೆನ್ಷನ್ನು ಅವರ ಪ್ಯಾನಲ್ಲೇ ಆದಾಯ ಅಂತ ಕೂತಿರತ್ತೆ, ಫಾರ್ಮ್ 16 ಕೊಡೋವಾಗ ವಾಪಸ್ ಹೋಗಿದ್ದನ್ನ ಕಳೆದಿದಾರಾ ಅಂತ ನೋಡಿ, ಆ ವರ್ಷದ ರಿಟರ್ನ್ ವಾರಸುದಾರರು ಹಾಕ್ಬೇಕಾಗತ್ತಲ್ಲ. ನಮಗೆ ಬಂದ ಮೊದಲ ಫಾರ್ಮಲ್ಲಿ ಮಾವನಿಗೆ ಮೇ, ಜೂನ್ ಪೆನ್ಷನ್ನೂ ಸೇರಿತ್ತು. ಬ್ಯಾಂಕಿಗೆ ಮತ್ತೆ ಒಂದು ಪತ್ರ, ಮತ್ತೆ ಸೀಲು, ಮೂರು ವಾರಕ್ಕೆ ತಿದ್ದಿದ್ದು ಬಂತು. ಆ ಸೀಲ್ ಹಾಕಿದ ಪತ್ರಗಳನ್ನೆಲ್ಲ ಅತ್ತೆ ಈಗಲೂ ಬೀರುವಲ್ಲಿ ಪಿಪಿಓ ಜೊತೆಗೇ ಇಟ್ಟಿದಾರೆ.